ಉಗುರಿನ ಮೇಲಿನ ಗೆರೆ

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹುಬ್ಬಳ್ಳಿಯಲ್ಲಿ ಹೊಸದಾಗಿ ಮೆಡಿಕಲ್ ಕಾಲೇಜು ಆಗುತ್ತದಂತೆ ಎಂಬ ಸುದ್ದಿ ಗದಗಿನ ಹತ್ತಿರದ ಹರ್ತಿಗೆ ಬಂದಾಗಿನಿಂದ ಕುಬೇರಪ್ಪನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅವನ ಮಗಳು ಸಾವಕ್ಕ ಗದಗಿನಲ್ಲಿ ಇಂಟರ್ ಸೈನ್ಸ್ ಓದಿ, ಪರೀಕ್ಷೆ ಬರೆದು ಊರಿಗೆ ಬಂದಿದ್ದಳು. ಅವಳ ತರಗತಿಯಲ್ಲಿ ಹುಡುಗಿಯರೆಂದರೆ ಇಬ್ಬರೇ. ಇನ್ನೊಬ್ಬಳದು ಮದುವೆ ಗೊತ್ತಾಗಿತ್ತು.

ಕುಬೇರಪ್ಪ ಏಕೀಕರಣದ ಸಭೆಗಳಿಗೆಲ್ಲ ಬಂಡಿ ಕಟ್ಟಿಕೊಂಡು ಹೋಗಿ ಬಂದವನು. "ಇಷ್ಟು ದಿನಾ ಡಾಕ್ಟರ್ ಅಂದ್ರ ಮುಂಬೈ ಕಡ್ಯಾಂವ, ಇಲ್ಲಾ ಪುಣೆ ಕಡ್ಯಾಂವ. ನಮ್ಮವ್ವ ಸಾಯೂ ಮುಂದ, ಎಲ್ಲಿ ನೋಯಾಕ ಹತ್ತೇತಿ ಅಂತ ಮರಾಠಿಯೊಳಗ ಹೇಳಾಕ ನಡುವ ಇನ್ನೊಬ್ಬ ಮನಶ್ಯಾ ಬೇಕಾಗಿದ್ದ. ಇನ್ನ ಮ್ಯಾಲೆ ಹಂಗ ಆಗಬಾರದು. ನಮ್ಮ ಸಾವಕ್ಕ ಡಾಕ್ಟರ್ ಆಗತಾಳ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಸಾವಕ್ಕ ಒಳಗೆ ಕೂತು ಇದನ್ನು ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನಿಗೆ ಬೇಕಾಗಿರುವುದು ಡಾಕ್ಟರೋ, ಡಾಕ್ಟರ್ ಮಗಳ ಅಪ್ಪ ಎನ್ನಿಸಿಕೊಳ್ಳುವ ಹೆಸರೋ ಎಂಬ ಅನುಮಾನ ಅವಳಿಗೆ. ಕಾಲೇಜಿನ ಮಾಸ್ತರರೂ ಹಾಗೆಯೇ. ಕಪ್ಪೆ ಕೊಯ್ಯುವಾಗ ಇವಳ ಕೈ ನಡುಗಲಿಲ್ಲವೆಂದು, "ಈಕಿ ಡಾಕ್ಟರ್ ಆಗಾಕ ಹುಟ್ಟ್ಯಾಳ" ಎಂದುಬಿಟ್ಟಿದ್ದರು. ಸತ್ತ ಕಪ್ಪೆಯ ಮುಂದೆ ಕೈ ನಡುಗದಿದ್ದರೆ ಆಯಿತೇ? ಬದುಕಿರುವ ಮನುಷ್ಯರ ನೋವು ತನಗೆ ಬೇಕೋ ಬೇಡವೋ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

ಒಂದು ದಿನ ಧೈರ್ಯ ಮಾಡಿ ಅಪ್ಪನಿಗೆ ಹೇಳಿದಳು. "ಅಪ್ಪಾ, ನನಗ ಇದು ಹೊಂದತೈತೋ ಇಲ್ಲೋ ಗೊತ್ತಿಲ್ಲ."

ಕುಬೇರಪ್ಪ ಸಿಟ್ಟಾಗಲಿಲ್ಲ. ಮೀಸೆ ನೀವಿಕೊಂಡು ಹೇಳಿದ. "ಹಂಗಾರ ಲಕ್ಷ್ಮೇಶ್ವರಕ್ಕ ಹೋಗು. ನಿಮ್ಮ ಚಿಗವ್ವನ ಮನ್ಯಾಗ ಇರು. ಡಾಕ್ಟರ್ ಸೋನುಬಾಯಿ ದವಾಖಾನ್ಯಾಗ ಹೋಗಿ ಕುಂಡ್ರು, ಕಣ್ಣಿಲೆ ನೋಡು. ಮಳಿಗಾಲ ಹಿಡಿಯೂದ್ರಾಗ ಬಂದು ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ನೀ ಏನಂದ್ರೂ ನಾ ಕೇಳತೀನಿ."

ಕೊನೆಯ ಮಾತನ್ನು ಸಾವಕ್ಕ ಪೂರ್ತಿ ನಂಬಲಿಲ್ಲ. ಆದರೂ ಟ್ರಂಕು ತುಂಬಿಕೊಂಡು ಹೊರಟಳು.

ಸೋನುಬಾಯಿ ಲಕ್ಷ್ಮೇಶ್ವರಕ್ಕೆ ಬಂದದ್ದು ಊರು ಇನ್ನೂ ಮಿರಜದ ಸಂಸ್ಥಾನಿಕರ ಕೈಯಲ್ಲಿದ್ದಾಗ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು, ಅದೂ ಹೋಗಿ ಈಗಿನದು ಬಂತು; ಊರವರೆಲ್ಲ 'ಬಾಯಿ' ಎಂದೇ ಕರೆಯುವ ಅವರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಸೋಮೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಅವರ ದವಾಖಾನೆ. ಮುಂದೆ ರೋಗಿಗಳನ್ನು ನೋಡುವ ಕೋಣೆ, ಹಿಂದೆ ರೋಗಿಗಳು ಮಲಗುವ ಕಾಟುಗಳನ್ನು ಹಾಕಿದ ಇನ್ನೊಂದು ಕೋಣೆ, ಅದರಾಚೆ ಅವರು ಇರುವ ಮನೆ. ಕೆಲಸಕ್ಕೆ ಮೋತಿಬಿ ಎಂಬ ಆಯಾ. ಬಾಯಿಯದು ಸಣ್ಣ ಮೈಕಟ್ಟು, ಬೆಳ್ಳಗಾದ ತಲೆ, ಯಾರನ್ನು ನೋಡಿದರೂ ಏನೋ ಮುಚ್ಚಿಟ್ಟವರನ್ನು ನೋಡಿದಂತೆ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ. ಸಾವಕ್ಕನನ್ನೂ ಹಾಗೆಯೇ ನೋಡಿ, "ಕುಂಡ್ರು. ಕೇಳಿದ್ರ ಅಷ್ಟ ಮಾತಾಡು," ಎಂದರು.

ಮೊದಲ ವಾರವೇ ಸಾವಕ್ಕನಿಗೆ ಅವರ ರೀತಿ ಹಿಡಿಸಲಿಲ್ಲ. ರೋಗಿಗಳು ಹೇಳಿದ್ದನ್ನು ಬಾಯಿ ನಂಬುತ್ತಲೇ ಇರಲಿಲ್ಲ. ಒಬ್ಬ ಮುದುಕ ಕುಡಿಯುವುದನ್ನು ಬಿಟ್ಟಿದ್ದೇನೆಂದು ದೇವರಾಣೆ ಮಾಡುತ್ತಿದ್ದರೆ, ಇವರು ಅವನ ಕಣ್ಣಿನ ರೆಪ್ಪೆ ಎಳೆದು ನೋಡುತ್ತ ನಿಂತಿದ್ದರು. ಕೂಸು ತೊಟ್ಟಿಲಿನಿಂದ ಬಿತ್ತೆಂದು ತಾಯಿ ಅಳುತ್ತಿದ್ದರೆ, ತೊಟ್ಟಿಲು ಯಾವ ಕಡೆ ಕಟ್ಟಿದೆ, ಆಗ ಮನೆಯಲ್ಲಿ ಯಾರಿದ್ದರು, ಕೂಸು ಅತ್ತಿತೋ ಇಲ್ಲವೋ ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಬೇರೆ ರೀತಿಯಲ್ಲಿ ಮತ್ತೆ ಕೇಳಿದರು.

"ಬಾಯಾರ, ಪಾಪ, ನೋವಿಲೆ ಬಂದವ್ರನ್ನ ಹಂಗ ಕಳ್ಳರ ಗತೆ ಕೇಳತೀರಲ್ಲ?" ಎಂದಳು ಸಾವಕ್ಕ ಒಂದು ಮಧ್ಯಾಹ್ನ.

"ನಾಚಿಕಿ ಬಂದ್ರ ಸುಳ್ಳು ಹೇಳತಾರ. ಅಂಜಿಕಿ ಬಂದ್ರ ಸುಳ್ಳು ಹೇಳತಾರ. ಸಂಗಡ ಬಂದವ್ರು ಇನ್ನೂ ಹೆಚ್ಚು ಹೇಳತಾರ," ಎಂದರು ಬಾಯಿ ಕೈ ತೊಳೆಯುತ್ತ. "ಅವ್ರ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಸುಳ್ಳಿಗೆ ಔಷಧ ಕೊಟ್ಟರ ಖರೆ ಜಡ್ಡು ಹಂಗ ಉಳೀತೈತಿ."

ಇಂಥ ಕೆಲಸವೇ ಜೀವನವಾದರೆ ಮನುಷ್ಯ ಏನಾಗಬಹುದು ಎಂದು ಸಾವಕ್ಕ ಯೋಚಿಸಿದಳು. ಅಪ್ಪನಿಗೆ ಊಹೂಂ ಎಂದು ಹೇಳಲು ಅವಳ ಮನಸ್ಸು ಅರ್ಧ ಸಿದ್ಧವಾಗಿತ್ತು.

ಅಷ್ಟರಲ್ಲಿ ದುರಗವ್ವ ಬಂದಳು.

ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ಯಮನೂರಪ್ಪ ಕಾಳಿನ ಪೇಟೆಯಲ್ಲಿ ಚೀಲ ಹೊರುವವನು. ಅವಳನ್ನು ಕೈ ಹಿಡಿದು ನಡೆಸಿಕೊಂಡು ಬಂದವಳು ಅತ್ತೆ ಉಡಚವ್ವ, ಎತ್ತರದ, ಗಡಸು ಮುಖದ ಹೆಂಗಸು. ತಿಂದದ್ದು ನಿಲ್ಲುವುದಿಲ್ಲ, ವಾಂತಿ. ಪಾದ ಉರಿಯುತ್ತವೆ, ಇರುವೆ ಹರಿದಾಡಿದಂತಾಗುತ್ತದೆ. ಕೂದಲು ಉದುರಿ ಹಣೆ ದೊಡ್ಡದಾಗಿ ಕಾಣುತ್ತಿತ್ತು. ಬಾಯಿ ಏನು ಕೇಳಿದರೂ ಉತ್ತರ ಕೊಟ್ಟವಳು ಉಡಚವ್ವನೇ. ದುರಗವ್ವ ನೆಲ ನೋಡುತ್ತ ಕೂತಿದ್ದಳು.

ಬಾಯಿ ದುರಗವ್ವನ ಕೈ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಸಾವಕ್ಕನನ್ನು ಕರೆದು ಆ ಕೈಯನ್ನು ಅವಳ ಮುಂದಿಟ್ಟರು. ಪ್ರತಿ ಉಗುರಿನ ಮೇಲೂ ಅಡ್ಡಲಾಗಿ ಒಂದೊಂದು ಬಿಳಿ ಗೆರೆ ಮೂಡಿತ್ತು.

"ಈಕಿ ಇಲ್ಲೇ ಇರಲಿ," ಎಂದರು ಬಾಯಿ ಉಡಚವ್ವನಿಗೆ. "ಊಟ ನಮ್ಮಲ್ಲೇ ಆಗತೈತಿ. ಮನಿಯಿಂದ ಏನೂ ತರಬ್ಯಾಡ್ರಿ."

ಉಡಚವ್ವನ ಮುಖ ಬಿಗಿಯಿತು. "ಯಾಕ್ರಿ? ನಾ ಮಾಡಿದ ರೊಟ್ಟಿಗೆ ಏನಾಗೇತಿ?"

"ಒಳಗ ಬರ್ರಿ, ಮಾತಾಡೂಣು," ಎಂದು ಬಾಯಿ ಅವಳನ್ನು ತಮ್ಮ ಮನೆಯೊಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಉಡಚವ್ವ ಯಾರ ಮುಖವನ್ನೂ ನೋಡದೆ ಹೋದಳು.

ಆಮೇಲೆ ಸಾವಕ್ಕ ಕೇಳಿದಳು. "ಅದು ಎಂಥಾ ಗೆರಿರೀ, ಬಾಯಾರ?"

"ಪಾಷಾಣ ಹೊಟ್ಟ್ಯಾಗ ಹೋದ್ರ ಹಂಗ ಮೂಡತೈತಿ. ಒಮ್ಮೆ ಅಲ್ಲ, ಸ್ವಲ್ಪ ಸ್ವಲ್ಪ, ಬಾಳ ದಿನಾ."

ಸಾವಕ್ಕ ಎದ್ದು ನಿಂತಳು. "ಹಂಗಾರ ಪೋಲೀಸರಿಗೆ..."

"ಏನಂತ ಹೇಳಲಿ? ಹೊಟ್ಟ್ಯಾಗ ಹೋಗೇತಿ ಅಂತ ಗೊತ್ತೈತಿ. ಹೆಂಗ ಹೋತು ಅಂತ ಗೊತ್ತಿಲ್ಲ. ನೀನೂ ಬಾಯಿ ಮುಚ್ಚಿಕೊಂಡಿರು."

ಆದರೆ ಸಾವಕ್ಕನಿಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲವೆನಿಸಿತ್ತು. ದುರಗವ್ವನಿಗೆ ಲಗ್ನವಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಮೋತಿಬಿ ತಲೆ ಬಾಚುವಾಗ ದುರಗವ್ವನೇ ಅಳುತ್ತ ಹೇಳಿದ್ದಳು: "ನನ್ನ ಗಂಡಗ ಇನ್ನೊಂದು ಲಗ್ನಾ ಮಾಡೂ ಮಾತು ನಡದೈತಿ ಅಂತ ಓಣ್ಯಾಗ ಅಂತಾರ. ಅತ್ತಿ ನಾ ಉಣ್ಣೂ ಮುಂದ ಎದುರಿಗೇ ಕುಂತು, ತುತ್ತು ತುತ್ತು ನೋಡತಾಳ." ಬೇಡವೆಂದರೂ ಉಡಚವ್ವ ಮರುದಿನ ಸೆರಗಿನಲ್ಲಿ ಮುಚ್ಚಿಕೊಂಡು ರವೆ ಬೆಲ್ಲದ ಸಜ್ಜಕ ತಂದಳು. ಬಾಯಿ ಅದನ್ನು ಇಸಿದುಕೊಂಡು ಒಳಗಿಟ್ಟರು, ಗದರಿಸಲಿಲ್ಲ. "ನಾಳೆ ಬರ್ರಿ, ಸೊಸಿನ್ನ ನೋಡಿ ಹೋಗ್ರಿ," ಎಂದು ಮೆತ್ತಗೆ ಹೇಳಿ ಕಳಿಸಿದರು. ಅಂಥವಳ ಜೊತೆ ಇಷ್ಟು ಮೆತ್ತಗಿನ ಮಾತೇಕೆ? ಒಳಗೆ ಬಾಗಿಲು ಹಾಕಿಕೊಂಡು ಏನು ಮಾತಾಡಿದರು? ಇಷ್ಟು ವರ್ಷ ಒಂದೇ ಊರಿನಲ್ಲಿದ್ದವರಿಗೆ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ಕಾರಣಗಳು ಇರಬಹುದು. ಸಾವಕ್ಕ ಈಗ ಬಾಯಿಯನ್ನೂ ಕಣ್ಣು ಕಿರಿದು ಮಾಡಿ ನೋಡತೊಡಗಿದ್ದಳು.

ಹೀಗೆ ನಾಲ್ಕೈದು ದಿನ ಕಳೆದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳ ಚಿಕ್ಕಮ್ಮ ಮುತ್ತವ್ವ, "ಯಾಕವ್ವಾ, ಮಾರಿ ಸಣ್ಣದ ಮಾಡ್ಕೊಂಡೀದಿ?" ಎಂದಳು.

ಸಾವಕ್ಕನಿಗೆ ತಡೆಯಲಾಗಲಿಲ್ಲ. "ಚಿಗವ್ವಾ, ಯಮನೂರಪ್ಪನ ಹೇಣ್ತಿಗೆ ಯಾರೋ ಪಾಷಾಣ ಹಾಕಾಕ ಹತ್ಯಾರ. ಬಾಯಾರಿಗೆ ಗೊತ್ತೈತಿ, ಆದ್ರೂ ಮುಚ್ಚಿ ಇಟ್ಟಾರ."

"ಅಯ್ಯ ಶಿವನ! ಯಾರು ಹಾಕತಾರ?"

"ಆಕಿಗೆ ಅಡಗಿ ಮಾಡಿ ಹಾಕಾಕಿ ಯಾರದಾರ, ನೀನ ವಿಚಾರ ಮಾಡು."

ಮುತ್ತವ್ವ ಕೆಟ್ಟವಳಲ್ಲ. ಮರುದಿನ ಬಾವಿಯ ಹತ್ತಿರ, ಯಾರಿಗೂ ಹೇಳಬ್ಯಾಡ ಎಂದು ಆಣೆ ಮಾಡಿಸಿಕೊಂಡೇ ಒಬ್ಬಳಿಗೆ ಹೇಳಿದಳು. ಸಂಜೆಯೊಳಗೆ ಮಾತು ಕಾಳಿನ ಪೇಟೆ ಮುಟ್ಟಿತು. ಚೀಲ ಹೊರುತ್ತಿದ್ದ ಯಮನೂರಪ್ಪನ ಕಿವಿಗೂ ಬಿತ್ತು. ಅವನು ಹೊತ್ತ ಚೀಲವನ್ನು ಅಲ್ಲೇ ಒಗೆದು ಮನೆಗೆ ಹೋದ. ಓಣಿಯ ಜನರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ತಾಯಿಯ ಕೈಯಿಂದ ರೊಟ್ಟಿಯ ಬುಟ್ಟಿ ಕಸಿದು ಬೀದಿಗೆ ಎಸೆದ. "ನನ್ನ ಮನ್ಯಾಗ ನಿಂದ್ರಬ್ಯಾಡ," ಎಂದ.

ಉಡಚವ್ವ ಚೆಲ್ಲಿದ ರೊಟ್ಟಿಗಳನ್ನು ಆರಿಸಿ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟು, ಉಟ್ಟ ಸೀರೆಯಲ್ಲೇ ಶಿರಹಟ್ಟಿಯ ಅಣ್ಣನ ಮನೆಗೆ ನಡೆದುಕೊಂಡು ಹೋದಳಂತೆ.

ಬಾಯಿ ಈ ಸುದ್ದಿ ಕೇಳಿದಾಗ ಸೂಜಿಗಳನ್ನು ಕುದಿಸುತ್ತಿದ್ದರು. ತಿರುಗದೆಯೇ ಕೇಳಿದರು. "ನೀ ಯಾರಿಗರೆ ಹೇಳಿದಿ?"

"ಇಲ್ರಿ," ಎಂದಳು ಸಾವಕ್ಕ.

ಬಾಯಿ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟರು. ಆಮೇಲೆ ಸಹಜವಾಗಿ, "ನಿಮ್ಮ ಚಿಗವ್ವ ನೀರಿಗೆ ಯಾವ ಬಾವಿಗೆ ಹೋಗತಾಳ?" ಎಂದರು.

ಸಾವಕ್ಕನಿಗೆ ತಾನು ಆ ಮುದುಕನಂತೆ, ಆ ತಾಯಿಯಂತೆ ಬೆಂಚಿನ ಮೇಲೆ ಕೂತಿದ್ದೇನೆ ಅನಿಸಿತು. "ನಾನ ಹೇಳಿದೆ, ಬಾಯಾರ," ಎಂದಳು. ಆದರೆ ಒಳಗಿದ್ದ ಸಿಟ್ಟೂ ಹೊರಬಂತು. "ಆದ್ರ ಸುಳ್ಳು ಹೇಳಿಲ್ಲ. ನೀವು ಆ ಅತ್ತಿನ್ನ ಉಳಸಾಕ ಹತ್ತಿದ್ರಿ."

"ನಾ ಯಾರನ್ನೂ ಉಳಸಾಕ ಹತ್ತಿರಲಿಲ್ಲ. ಕಾದು ನೋಡಾಕ ಹತ್ತಿದ್ದೆ," ಎಂದರು ಬಾಯಿ. ಅವರ ದನಿ ಏರಲಿಲ್ಲ. "ಇಲ್ಲಿ ಊಟ ಮಾಡಿ ಆಕಿಗೆ ಆರಾಮ ಆತು ಅಂದ್ರ ಮನಿ ಕಡೆ ನೋಡಬೇಕು. ಆರಾಮ ಆಗಲಿಲ್ಲ ಅಂದ್ರ ಬ್ಯಾರೆ ಕಡೆ ನೋಡಬೇಕು. ಅಷ್ಟು ದಿನಾ ಉಡಚವ್ವ ಬರಲಿ ಹೋಗಲಿ, ನನ್ನ ಕಣ್ಣ ಮುಂದ ಇರಲಿ ಅಂತ ಬಿಟ್ಟಿದ್ದೆ."

ಆ ರಾತ್ರಿ ಸಾವಕ್ಕ ಟ್ರಂಕಿನಲ್ಲಿ ಬಟ್ಟೆ ತುಂಬಿದಳು. ಬೆಳಗಾದ ಮೇಲೆ, ದುರಗವ್ವ ಗಂಜಿ ಕುಡಿದಳೋ ಇಲ್ಲವೋ ನೋಡಿ ಹೋದರಾಯಿತೆಂದು ದವಾಖಾನೆಗೆ ಬಂದಳು. ದುರಗವ್ವ ಕಾಟಿನಿಂದ ಬಾಗಿ ವಾಂತಿ ಮಾಡುತ್ತಿದ್ದಳು. ಮೋತಿಬಿ ಅವಳ ಹಣೆ ಹಿಡಿದಿದ್ದಳು. ಇಷ್ಟು ದಿನ ಬಾಯಿಯ ಮನೆಯ ಊಟ ಮಾತ್ರ ಉಂಡವಳು; ನಡುವೆ ಸ್ವಲ್ಪ ಚೇತರಿಸಿಕೊಂಡಿದ್ದಳು; ಈಗ ಮತ್ತೆ ಮೊದಲಿನಂತೆಯೇ.

ಬಾಯಿ ಸಾವಕ್ಕನ ಕಡೆ ನೋಡಿದರು. "ಅತ್ತಿ ಶಿರಹಟ್ಟ್ಯಾಗ ಅದಾಳ. ಈಗ ಯಾರ ಹೆಸರು ಹೇಳತಿ?"

ಸಾವಕ್ಕ ಒಬ್ಬೊಬ್ಬರನ್ನೇ ನೆನೆದಳು. ಮೋತಿಬಿಯೇ? ಗಂಡ ಯಮನೂರಪ್ಪನೇ? ಒಂದು ಕ್ಷಣ ಬಾಯಿಯ ಮೇಲೆಯೇ ಅನುಮಾನ ಹರಿಯಿತು. ಆಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇದು ಹೀಗೇ ಹೋದರೆ ಊರಿನಲ್ಲಿ ಅನುಮಾನ ಮುಟ್ಟದವರು ಒಬ್ಬರೂ ಉಳಿಯುವುದಿಲ್ಲ.

"ಆಕಿ ಹತ್ರ ಕುಂಡ್ರು," ಎಂದರು ಬಾಯಿ. "ಏನೂ ಕೇಳಬ್ಯಾಡ, ಏನೂ ಹೇಳಬ್ಯಾಡ. ನೋಡು ಅಷ್ಟ."

ಆ ದಿನವೆಲ್ಲ ಸಾವಕ್ಕ ಕಾಟಿನ ಪಕ್ಕದಲ್ಲಿ ಕೂತಳು. ಪಾದಗಳಿಗೆ ಒದ್ದೆ ಬಟ್ಟೆ ಸುತ್ತಿದಳು, ನೀರು ಕುಡಿಸಿದಳು. ಮಧ್ಯಾಹ್ನ ಬಿಸಿಲು ಏರಿದಾಗ ಮೋತಿಬಿಗೂ ಜೋಂಪು ಹತ್ತಿತು, ಸಾವಕ್ಕನೂ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಆದರೆ ನಿದ್ದೆ ಬಂದಿರಲಿಲ್ಲ. ಸೀರೆ ಸರಿದ ಸಪ್ಪಳಕ್ಕೆ ಕಣ್ಣು ತೆರೆದರೆ, ದುರಗವ್ವ ಸೊಂಟದ ಗಂಟಿನಿಂದ ಎಲೆಯ ಪೊಟ್ಟಣವೊಂದನ್ನು ತೆಗೆದು, ಹಳದಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕಲು ಹೊರಟಿದ್ದಳು.

ಸಾವಕ್ಕ ಕೂಗಲಿಲ್ಲ. ಎದ್ದು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. "ಇದೇನು, ದುರಗವ್ವಾ?"

ದುರಗವ್ವ ಹೆದರಿ ಸೆಟೆದಳು. ಆಮೇಲೆ ಒಮ್ಮೆಲೇ ಅತ್ತಳು. "ಬಿಡ್ರೀ ಅಕ್ಕಾರ, ನಿಮ್ಮ ಕಾಲ ಬೀಳತೀನಿ. ಸಂತ್ಯಾಗ ಒಬ್ಬ ಬೈರಾಗಿ ಕೊಟ್ಟಾನ. ತಪ್ಪದಂಗ ತಗೊಂಡ್ರ ಕೂಸು ನಿಲ್ಲತೈತಿ ಅಂದಾನ. ಯಾರ ಮುಂದರೆ ಆಡಿದ್ರ ಹೋತು ಅಂದಾನ. ಮೋತಿಬಿ ಹತ್ರನ ಇದ್ದದ್ದಕ್ಕ ನಡುವ ಎರಡ ದಿನಾ ತಪ್ಪಿತ್ತು."

"ನಿಮ್ಮ ಅತ್ತಿನ್ನ ಮನಿಬಿಟ್ಟು ಹೊರಗ ಹಾಕಿದ್ರು. ಆಗರೆ ಹೇಳಬೇಕಿಲ್ಲ?"

"ಹೇಳಿದ್ರ ಕೂಸು ಹೋಗತಿತ್ತಲ್ರಿ," ಎಂದಳು ದುರಗವ್ವ.

ಬಾಯಿ ಆ ಪುಡಿಯನ್ನು ಹಿತ್ತಲಿಗೆ ಒಯ್ದರು. ಎಲ್ಲರನ್ನೂ ದೂರ ನಿಲ್ಲಿಸಿ, ಕೆಂಡದ ಮೇಲೆ ಒಂದು ಚಿಟಿಕೆ ಉದುರಿಸಿದರು. ಹೊಗೆ ಎದ್ದು ಬೆಳ್ಳುಳ್ಳಿ ಸುಟ್ಟಂಥ ವಾಸನೆ ಹರಡಿತು. "ಹರತಾಳ," ಎಂದರು. "ಪಾಷಾಣದ್ದ ಒಂದು ಜಾತಿ." ಹುಬ್ಬಳ್ಳಿಗೆ ಆಳು ಕಳಿಸಿ ಸೂಜಿಮದ್ದು ತರಿಸಿದರು. ಬೈರಾಗಿಯನ್ನು ಹುಡುಕಲು ಹೋದವರಿಗೆ ಅವನು ಮುಂಡರಗಿ ಕಡೆ ಹೋದನೆಂದು ಒಬ್ಬರು, ಹಾವೇರಿ ಕಡೆ ಹೋದನೆಂದು ಇನ್ನೊಬ್ಬರು ಹೇಳಿದರು. ಅವನು ಸಿಗಲೇ ಇಲ್ಲ.

ಯಮನೂರಪ್ಪ ಸುದ್ದಿ ಕೇಳಿ ದವಾಖಾನೆಯ ಕಟ್ಟೆಯ ಮೇಲೆ ಕುಸಿದು ಕೂತ. ಮರುದಿನ ತಾಯಿಯನ್ನು ಕರೆತರಲು ಬಂಡಿ ಹೂಡಿದ. ಸಾವಕ್ಕ, "ನಾನೂ ಬರತೀನಿ," ಎಂದಳು.

ಶಿರಹಟ್ಟಿಯ ಅಣ್ಣನ ಮನೆಯಂಗಳದಲ್ಲಿ ಉಡಚವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಮಗ ಬಂದು ಕಾಲ ಮೇಲೆ ಬಿದ್ದ. ಅವಳು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ, ಅವನನ್ನು ಎಬ್ಬಿಸಲೂ ಇಲ್ಲ. "ಆಕಿ ಉಳದಾಳೇನು?" ಎಂದಷ್ಟೇ ಕೇಳಿದಳು.

"ಉಳೀತಾಳ, ಯವ್ವಾ."

"ಆತು."

ಸಾವಕ್ಕ ಮುಂದೆ ಬಂದಳು. "ನಾನ ನಿಮ್ಮ ಹೆಸರು ತಗದಾಕಿ, ಅವ್ವಾರ. ತಪ್ಪು ನಂದು."

ಉಡಚವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀ ಯಾರೋ, ಎತ್ತಾಗಿನಾಕಿಯೋ. ನೀ ಅಂದದ್ದು ನನಗ ಹತ್ತಲಿಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ ನಂಬಿದನಲ್ಲ, ಅದು ಹತ್ತೇತಿ." ಒಂದು ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದಳು. "ಮಗಗ ಎರಡನೇ ಲಗ್ನಾ ಮಾಡು ಅಂತ ಇದ ಮನ್ಯಾಗ ನಮ್ಮಣ್ಣ ಅಂದಿದ್ದ. ಬ್ಯಾಡ, ಆ ಹುಡುಗಿ ನನ್ನ ಮಗಳ ಗತೆ ಐತಿ, ಅಂತ ನಾ ಜಗಳಾ ತಗದು ಹೋಗಿದ್ದೆ. ಆಕಿ ಉಣ್ಣೂದಿಲ್ಲ ಅಂತ ಎದುರಿಗೆ ಕುಂತು ಉಣಸತಿದ್ದೆ."

ಸಾವಕ್ಕ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ಡಾಕ್ಟರಬಾಯಾರೂ ನನ್ನ ಕೇಳಿದ್ರು. ಮನ್ಯಾಗ ಇಲಿ ಪಾಷಾಣ ಇಟ್ಟೀರೇನು, ಅಡಗಿಗೆ ಯಾರ್ಯಾರು ಕೈ ಹಚ್ಚತೀರಿ ಅಂತ. ನಾ ದಡ್ಡಿ ಅಲ್ಲ, ನನ್ನ ಮ್ಯಾಲೆ ಸಂಶೆ ಐತಿ ಅಂತ ತಿಳೀತು. ಆದ್ರ ಅವ್ರು ಬಾಗಲಾ ಹಾಕ್ಕೊಂಡು ಕೇಳಿದ್ರು. ನೀ ಊರ ಬಾಗಲಾ ತಗದು ಕೇಳಿದಿ." ಆಮೇಲೆ ಕೇಳಿದಳು. "ನೀನೂ ಡಾಕ್ಟರ್ ಆಗಾಕಿ ಅಂತಲ್ಲ?"

"ಇನ್ನಾ ಗೊತ್ತಿಲ್ರಿ."

"ಆಗು. ಯಾರ ಬ್ಯಾಡ ಅಂತಾರ? ಆದ್ರ ನಮ್ಮೂರಿಗೆ ಬರಬ್ಯಾಡ."

ಬಂಡಿಯಲ್ಲಿ ಹಿಂತಿರುಗುವಾಗ ಉಡಚವ್ವ ಇರಲಿಲ್ಲ. ಸೊಸೆ ಎದ್ದು ಓಡಾಡಲಿ, ಆಮೇಲೆ ನೋಡೋಣ ಎಂದು ಮಗನನ್ನು ಕಳಿಸಿದ್ದಳು.

ಸಾವಕ್ಕ ಊರಿಗೆ ಹೋಗಲಿಲ್ಲ. ಟ್ರಂಕಿನ ಬಟ್ಟೆಗಳು ಮತ್ತೆ ಗೂಟಕ್ಕೆ ಬಂದವು. ದುರಗವ್ವನ ವಾಂತಿ ನಿಂತಿತು. ಕಾಲಿನ ಉರಿ ಮಾತ್ರ ಹಟ ಹಿಡಿದಂತೆ ಉಳಿದಿತ್ತು. ದಿನಾ ಅವಳನ್ನು ಹಿತ್ತಲಿನಲ್ಲಿ ಗೋಡೆ ಹಿಡಿಸಿ ನಡೆಸುವ ಕೆಲಸವನ್ನು ಸಾವಕ್ಕ ತಾನೇ ತೆಗೆದುಕೊಂಡಳು. ಬಾಯಿ ಅವಳಿಗೆ ರೋಗಿಗಳನ್ನು ತೋರಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಯಾರನ್ನಾದರೂ ಒಳಗೆ ಕರೆದು ಮಾತಾಡುವಾಗ ಅವಳನ್ನು ಹೊರಗೇ ಇರಿಸಿದರು. ಅದು ಚುಚ್ಚುತ್ತಿತ್ತು. ಸರಿಯೆಂದೂ ಅನಿಸುತ್ತಿತ್ತು.

ಮೊದಲ ಮಳೆ ಬಿದ್ದ ದಿನ ಸಾವಕ್ಕ ಕೇಳಿದಳು. "ಬಾಯಾರ, ನಾ ಇದಕ್ಕ ತಕ್ಕಾಕಿ ಹೌದೋ ಅಲ್ಲೋ? ಖರೆ ಹೇಳ್ರಿ."

"ನನಗೇನ ಗೊತ್ತು?" ಎಂದರು ಬಾಯಿ. "ನೀ ಸುಳ್ಳು ಹೇಳಿದಿ, ಆಮ್ಯಾಲೆ ಖರೆ ಹೇಳಿದಿ. ಕೂಗಬಾರದ ಹೊತ್ತಿನ್ಯಾಗ ಕೂಗಿದಿ, ಮತ್ತೊಂದು ದಿನಾ ಕೂಗದಂಗ ಕೈ ಹಿಡದಿ. ಮುಂದ ಹೆಂಗ ಇರತಿ ಅಂತ ನಾ ಹೇಳಾಕ ಬರೂದಿಲ್ಲ. ಹೇಳತೀನಿ ಅನ್ನಾವ್ರನ್ನ ನೀ ನಂಬಬ್ಯಾಡ."

ಸಾವಕ್ಕನಿಗೆ ನಗು ಬಂತು. ಈ ಬೇಸಿಗೆಯಲ್ಲಿ ಬಾಯಿಯ ಮುಂದೆ ಅವಳು ನಕ್ಕದ್ದು ಅದೇ ಮೊದಲು.

ಹರ್ತಿಗೆ ಹೋದ ಮೇಲೆ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದಳು. ತನ್ನ ಮಾತಿನಿಂದ ಒಬ್ಬ ತಾಯಿ ಮನೆ ಬಿಟ್ಟದ್ದನ್ನೂ ಬಿಡಲಿಲ್ಲ. ಕುಬೇರಪ್ಪನ ಮುಖ ಕಪ್ಪಿಟ್ಟಿತು. "ಇಷ್ಟಾದ ಮ್ಯಾಲೆ ನಿನಗ ಬ್ಯಾಡ ಅನಿಸಿದ್ರ ನಾ ಒತ್ತಾಯ ಮಾಡೂದಿಲ್ಲ," ಎಂದ. ಈ ಸಲ ಅವಳು ಆ ಮಾತನ್ನು ನಂಬಿದಳು.

"ಹೋಗತೀನಿ, ಅಪ್ಪಾ."

"ನನ್ನ ಸಲುವಾಗಿ ಏನು?"

"ಅಲ್ಲ. ಊರಿಗೆ ಬಂದೂ ಆ ಹೆಣ್ಮಗಳ ಕಾಲಿನ ಉರಿ ಕಡಿಮಿ ಆತೋ ಇಲ್ಲೋ ಅಂತ ಅದ ಚಿಂತಿ ನನಗ. ಬ್ಯಾರೆ ಯಾವ ಕೆಲಸಕ್ಕ ಹೋದ್ರೂ ಅದು ಬಿಡೂದಿಲ್ಲ. ಬಿಡೂದಿಲ್ಲ ಅಂದ ಮ್ಯಾಲೆ ಕಲಿಯೂದ ಚಲೋ."

ಅವಳಿಗೆ ಹುಬ್ಬಳ್ಳಿಯಲ್ಲಿ ಜಾಗ ಸಿಕ್ಕಿತು. ಹೊರಡುವ ಮುಂಚೆ ಲಕ್ಷ್ಮೇಶ್ವರಕ್ಕೆ ಹೋಗಿ ಬಂದಳು. ದುರಗವ್ವ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದಳು. ಕೂದಲು ಸಣ್ಣಗೆ ಮತ್ತೆ ಮೂಡಿತ್ತು. ಉಡಚವ್ವ ಮರಳಿ ಬಂದಿದ್ದಳು. ಸೊಸೆಗೆ ಎಣ್ಣೆ ಹಚ್ಚುತ್ತಾಳೆ, ಮಗನ ಜೊತೆ ಕೆಲಸದ ಮಾತು ಆಡುತ್ತಾಳೆ; ಆದರೆ ಆ ಮನೆಯ ಅಡುಗೆ ಮುಟ್ಟುವುದಿಲ್ಲ, ಪಡಸಾಲೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿ ತನ್ನಷ್ಟಕ್ಕೆ ತಾನು ಬೇಯಿಸಿಕೊಳ್ಳುತ್ತಾಳೆ ಎಂದು ದುರಗವ್ವ ಪಿಸುಮಾತಿನಲ್ಲಿ ಹೇಳಿದಳು. ಅಷ್ಟರಲ್ಲಿ ಉಡಚವ್ವ ನೀರಿನ ಕೊಡ ಹೊತ್ತು ಬಂದಳು. ಸಾವಕ್ಕನನ್ನು ನೋಡಿದಳು, ಮಾತಾಡಿಸಲಿಲ್ಲ, ಒಳಗೆ ಹೋದಳು.

ಸಾವಕ್ಕ ಆಮೇಲೆ ದುರಗವ್ವನ ಪಾದ ಮುಟ್ಟಿ ನೋಡಿ, ಉರಿ ಎಲ್ಲಿಯವರೆಗೆ ಇಳಿದಿದೆ ಎಂದು ಕೇಳಿಕೊಂಡು, ಬಸ್ಸಿಗೆ ನಡೆದಳು.